ಸಿಮ್ಮಿಗೂ ಒಂದು ಬೀಗ



ನಿಮ್ಮ ಮೊಬೈಲ್ ಫೋನು ಈಗ ಕೈಗೆಟುಕುವಷ್ಟು ಹತ್ತಿರದಲ್ಲಿದ್ದರೆ ಅದರ ಕವರ್ ಬಿಚ್ಚಿ ಒಮ್ಮೆ ನೋಡಿ. ಮಡಿಸಿಟ್ಟ ನೋಟು, ದೇವರ ಪಟ, ಅಂಗಡಿಯ ಚೀಟಿ ಇದ್ದರೆ ಇರಲಿ. ಎಟಿಎಂ ಕಾರ್ಡ್ ಇದೆಯೇ? ಆಧಾರ್ ಕಾರ್ಡ್ ಇದೆಯೇ? ಇದ್ದರೆ ಈಗಲೇ ತೆಗೆದು ಬೇರೆ ಕಡೆ ಇಡಿ. ನಾನು ಇವತ್ತು ಹೇಳಲಿರುವ ಮಾತುಗಳಲ್ಲಿ ಉಳಿದದ್ದನ್ನೆಲ್ಲ ಮರೆತು ಇದೊಂದನ್ನು ಮಾಡಿದರೂ ನಾನು ಈ ಬಾನುಲಿ ನಿಲಯಕ್ಕೆ ಬಂದದ್ದು ಸಾರ್ಥಕ.

ನಾನು ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುವವಳು. ಫೋನ್ ಕಳೆದುಕೊಂಡವರು ನೆಟ್ಟಗೆ ಪೊಲೀಸ್ ಠಾಣೆಗೆ ಹೋಗುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಎಷ್ಟೋ ಜನ ಹೋಗುವುದಿಲ್ಲ. “ಹೋದದ್ದು ಹೋಯಿತು, ಠಾಣೆ ಅಲೆಯೋದು ಯಾರು” ಎಂದು ಇನ್ನೊಂದು ಫೋನನ್ನು ಕಂತಿನ ಮೇಲೆ ತೆಗೆದುಕೊಂಡು ಸುಮ್ಮನಾಗುತ್ತಾರೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದ ದಿನ ಖಾತೆಯಲ್ಲಿ ದುಡ್ಡಿಲ್ಲ ಎಂದು ಗೊತ್ತಾಗಿ ನಮ್ಮ ಕೌಂಟರಿನ ಮುಂದೆ ಬಂದು ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ದುಡ್ಡು ನಾಲ್ಕಾರು ಖಾತೆ ದಾಟಿ ಹೋಗಿರುತ್ತದೆ. ಫೋನು ಕಳುವಾದಾಗ ಏನಾಗುತ್ತದೆ ಎಂಬುದನ್ನು ಬ್ಯಾಂಕಿನ ಈ ಬದಿಯಿಂದ ನೋಡುತ್ತ ಬಂದವಳಾದ್ದರಿಂದ ನನ್ನ ಮಾತು ಸ್ವಲ್ಪ ದುಡ್ಡಿನ ಕಡೆಗೇ ವಾಲಬಹುದು. ಕೇಳುಗರು ಸಹಿಸಿಕೊಳ್ಳಬೇಕು.

ಫೋನ್ ಕದಿಯುವವರಲ್ಲಿ ಎರಡು ಬಗೆ. ಒಬ್ಬನಿಗೆ ಬೇಕಾದ್ದು ಸೆಟ್ಟು. ಅದನ್ನು ಅರ್ಧ ಬೆಲೆಗೆ, ಕಾಲು ಬೆಲೆಗೆ ಮಾರುತ್ತಾನೆ, ಇಲ್ಲವೇ ಬಿಡಿಸಿ ಡಿಸ್‌ಪ್ಲೇ, ಬ್ಯಾಟರಿ, ಬೋರ್ಡು ಅಂತ ಬೇರೆ ಬೇರೆ ಮಾರುತ್ತಾನೆ. ಇನ್ನೊಬ್ಬನಿಗೆ ಬೇಕಾದ್ದು ನಿಮ್ಮ ನಂಬರು. ಸೆಟ್ಟು ಎಷ್ಟೇ ಹಳೆಯದಾಗಿರಲಿ, ಪರದೆ ಒಡೆದಿರಲಿ, ಅವನಿಗೆ ಚಿಂತೆಯಿಲ್ಲ. ನಮ್ಮಲ್ಲಿ ಜನ ದುಬಾರಿ ಫೋನಿಗೆ ಮಾತ್ರ ಭದ್ರತೆ ಬೇಕು ಎಂದುಕೊಳ್ಳುತ್ತಾರೆ. ಐದಾರು ಸಾವಿರದ ಫೋನ್ ಇಟ್ಟುಕೊಂಡವರು “ಇದನ್ನ ಯಾರು ಕದೀತಾರೆ” ಅನ್ನುತ್ತಾರೆ. ನಾನು ಕಂಡ ಮಟ್ಟಿಗೆ ಹೆಚ್ಚು ಪೆಟ್ಟು ತಿಂದವರು ಇವರೇ.

ಒಂದು ಸಂತೆಯ ಮಾರನೇ ದಿನ ಸೊಪ್ಪು ಮಾರುವ ಒಬ್ಬ ಹೆಣ್ಣುಮಗಳು ಬಂದರು. ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಫೋನು ಹೋಗಿತ್ತು. “ಸೆಟ್ಟು ಹೋದ್ರೆ ಹೋಗ್ಲಿ ಮೇಡಂ, ಅದು ಹಳೇದು. ಸಂಘದ ದುಡ್ಡು ಹೆಂಗೆ ಹೋಯ್ತು ಹೇಳಿ. ನಾನು ಯಾರ್ಗೂ ಪಿನ್ನು ಹೇಳಿಲ್ಲ, ನನ್ ಮಗಂಗೂ ಹೇಳಿಲ್ಲ,” ಅಂದರು. ಅವರ ಮಾತು ನಿಜ. ಯಾರಿಗೂ ಹೇಳಿರಲಿಲ್ಲ. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಫೋನ್ ಹೋದ ದಿನವೇ, ಕತ್ತಲಾದ ಮೇಲೆ, ಯುಪಿಐ ಮೂಲಕ ಒಂದರ ಹಿಂದೆ ಒಂದು ಹಣ ಹೋಗಿದೆ.

“ಅಕ್ಕ, ಎಟಿಎಂ ಕಾರ್ಡ್ ಎಲ್ಲಿತ್ತು?”

“ಫೋನಿನ ಪೌಚಲ್ಲೇ ಇತ್ತಲ್ಲ ಮೇಡಂ. ಎಲ್ಲಾ ಒಂದೇ ಕಡೆ ಇದ್ರೆ ಕಳೆಯಲ್ಲ ಅಂತ.”

ಅವರ ಪಿನ್ ಕಳ್ಳನಿಗೆ ಬೇಕಾಗಿಯೇ ಇರಲಿಲ್ಲ. ಅವನು ಹೊಸದೊಂದು ಪಿನ್ ಮಾಡಿಕೊಂಡಿದ್ದ. ಇದು ಹೇಗೆ ಸಾಧ್ಯ ಎಂದು ಆ ತಾಯಿ ಕೇಳಿದರು. ನಿಮ್ಮಲ್ಲೂ ಕೆಲವರು ಕೇಳುತ್ತಿರಬಹುದು. ಬಿಡಿಸಿ ಹೇಳುತ್ತೇನೆ. ಫೋನಿಗೆ ಪ್ಯಾಟರ್ನ್ ಲಾಕ್ ಇದ್ದರೂ ಅವನು ಅದನ್ನು ಮುಟ್ಟಲು ಹೋಗುವುದಿಲ್ಲ. ಪಕ್ಕದ ತೂತಿಗೆ ಒಂದು ಪಿನ್ನು ಚುಚ್ಚಿ ಸಿಮ್ ಟ್ರೇ ಎಳೆಯುತ್ತಾನೆ. ಸಿಮ್ಮನ್ನು ತನ್ನ ಹತ್ತಿರ ಇರುವ ಫೋನಿಗೆ ಹಾಕುತ್ತಾನೆ. ಈಗ ನಿಮ್ಮ ನಂಬರು ಅವನ ಕೈಯಲ್ಲಿ. ಆ ಫೋನಿನಲ್ಲಿ ಯುಪಿಐ ಆ್ಯಪ್ ಹಾಕಿಕೊಂಡರೆ ಅದು ಸಿಮ್ಮಿನಿಂದ ಒಂದು ಎಸ್‌ಎಂಎಸ್ ಕಳಿಸಿ, ಈ ನಂಬರಿಗೆ ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಎಂದು ಹುಡುಕಿ ಕೊಡುತ್ತದೆ. ಪಿನ್ ಗೊತ್ತಿಲ್ಲ ಎಂದರೆ ‘ಪಿನ್ ಮರೆತಿದ್ದೀರಾ’ ಎಂಬ ದಾರಿ ಇದ್ದೇ ಇದೆ. ಅದು ಕೇಳುವುದು ಎಟಿಎಂ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಆಮೇಲೆ ಒಂದು ಓಟಿಪಿ. ಕಾರ್ಡು ಪೌಚಿನಲ್ಲಿದೆ, ಓಟಿಪಿ ಬರುವುದು ಅದೇ ಸಿಮ್ಮಿಗೆ.

ಎಟಿಎಂ ಕಾರ್ಡ್ ಇಲ್ಲದವರಿಗೂ ಯುಪಿಐ ಸಿಗಲಿ ಎಂದು ಆಧಾರ್ ಮೂಲಕ ಪಿನ್ ಮಾಡಿಕೊಳ್ಳುವ ಸೌಲಭ್ಯ ಬಂತು. ಒಳ್ಳೆಯ ಸೌಲಭ್ಯವೇ. ಅದು ಕೇಳುವುದು ಆಧಾರ್ ಸಂಖ್ಯೆಯ ಮೊದಲ 6 ಅಂಕಿ ಮತ್ತು ಓಟಿಪಿ. ನಮ್ಮ ರಾಜ್ಯದಲ್ಲಿ 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸಬೇಕು. ಪ್ರತಿ ಸಲ ಬ್ಯಾಗಿನಲ್ಲಿ ತಡಕಾಡುವುದೇಕೆ ಎಂದು ಆಧಾರ್ ಕಾರ್ಡನ್ನು ಫೋನಿನ ಕವರಿಗೇ ಸೇರಿಸಿಬಿಡುತ್ತಾರೆ. ನಮ್ಮ ಶಾಖೆಗೆ ಬರುವ ಹೆಣ್ಣುಮಕ್ಕಳಲ್ಲಿ ಇದನ್ನು ದಿನವೂ ನೋಡುತ್ತೇನೆ, ನೋಡಿದಾಗಲೆಲ್ಲ ಹೇಳುತ್ತೇನೆ. ತಾಯಂದಿರೇ, ಅಕ್ಕತಂಗಿಯರೇ, ಆ ಕಾರ್ಡಿಗೆ ಒಂದು ಸಣ್ಣ ಪರ್ಸ್ ಇಟ್ಟುಕೊಳ್ಳಿ. ಪರ್ಸ್ ಒಂದು ಕಡೆ, ಫೋನ್ ಒಂದು ಕಡೆ ಇರಲಿ. ಫೋನಿನ ಗ್ಯಾಲರಿಯಲ್ಲಿ ಎಟಿಎಂ ಕಾರ್ಡಿನ ಎರಡೂ ಬದಿಯ ಫೋಟೋ, ಆಧಾರ್ ಫೋಟೋ ಇಟ್ಟುಕೊಂಡವರೂ ಅದನ್ನು ಅಳಿಸಿ. ವಾಟ್ಸಾಪ್‌ನಲ್ಲಿ ಯಾರಿಗೋ ಕಳಿಸಿದ್ದರೆ ಅಲ್ಲೂ ಉಳಿದಿರುತ್ತದೆ.

ಇನ್ನು ಸಿಮ್ಮಿನ ಮಾತು. ಫೋನಿನ ಪರದೆಗೆ ಲಾಕ್ ಹಾಕುವುದು ಈಗ ಎಲ್ಲರಿಗೂ ಗೊತ್ತು. ಸಿಮ್ಮಿಗೂ ಬೇರೆಯಾಗಿ ಒಂದು ಲಾಕ್ ಹಾಕಬಹುದು ಎಂಬುದು ಓದಿದವರಿಗೂ ಗೊತ್ತಿಲ್ಲ. ಬಟನ್ ಫೋನಿನ ಕಾಲದಿಂದಲೂ ಅದು ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಅಥವಾ ‘ಸಿಮ್ ಪಿನ್’ ಎಂದು ಹುಡುಕಿದರೆ ಸಿಗುತ್ತದೆ. ಇದನ್ನು ಹಾಕಿದರೆ ಸಿಮ್ಮನ್ನು ಬೇರೆ ಯಾವ ಫೋನಿಗೆ ಹಾಕಿದರೂ ಮೊದಲು ಪಿನ್ ಕೇಳುತ್ತದೆ. ಪಿನ್ ಇಲ್ಲದೆ ಕರೆಯಿಲ್ಲ, ಎಸ್‌ಎಂಎಸ್ ಇಲ್ಲ, ಓಟಿಪಿ ಇಲ್ಲ. ಮೂರು ಸಲ ತಪ್ಪು ಹಾಕಿದರೆ ಸಿಮ್ ಮುಚ್ಚಿಕೊಂಡು ‘ಪಕ್’ ಎಂಬ 8 ಅಂಕಿಯ ಸಂಖ್ಯೆ ಕೇಳುತ್ತದೆ. ಅದನ್ನು ನಿಮ್ಮ ಸಿಮ್ ಕಂಪನಿಯೇ ಕೊಡಬೇಕು. ಅದನ್ನೂ ಹತ್ತು ಸಲ ತಪ್ಪು ಹಾಕಿದರೆ ಆ ಸಿಮ್ ಕೆಲಸಕ್ಕೆ ಬಾರದು. ಸೊಪ್ಪು ಮಾರುವ ಆ ಹೆಣ್ಣುಮಗಳ ಸಿಮ್ಮಿಗೆ ಈ ಪಿನ್ ಇದ್ದಿದ್ದರೆ, ಪೌಚಿನಲ್ಲಿ ಕಾರ್ಡ್ ಇದ್ದರೂ ಆ ರಾತ್ರಿ ಅವರ ಖಾತೆಗೆ ಈ ದಾರಿಯಲ್ಲಿ ಯಾರೂ ಕೈಹಾಕಲು ಆಗುತ್ತಿರಲಿಲ್ಲ.

ಆದರೆ ಎಚ್ಚರ ಬೇಕು. ಹೊಸ ಸಿಮ್ಮಿಗೆ ಕಂಪನಿ ಮೊದಲೇ ಒಂದು ಪಿನ್ ಇಟ್ಟಿರುತ್ತದೆ. ಲಾಕ್ ಹಾಕುವಾಗ ಮೊದಲು ಅದನ್ನೇ ಕೇಳುತ್ತದೆ. ಊಹೆ ಮಾಡಿ ಹಾಕಲು ಹೋಗಬೇಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ, ಆಮೇಲೆ ನಿಮ್ಮದನ್ನು ಬದಲಿಸಿಕೊಳ್ಳಿ. ಇನ್ನೊಂದು ತೊಡಕು ವಯಸ್ಸಾದವರದು. ಸಿಮ್ ಲಾಕ್ ಇದ್ದರೆ ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಪಿನ್ ಹಾಕಬೇಕು. ಹಾಕದಿದ್ದರೆ ಫೋನ್ ರಿಂಗಾಗುವುದಿಲ್ಲ. ಹಳ್ಳಿಯಲ್ಲಿ ಒಬ್ಬರೇ ಇರುವ ಅಜ್ಜಿಯ ಫೋನು ಚಾರ್ಜ್ ಮುಗಿದು ಆಫ್ ಆಗಿ, ಆಮೇಲೆ ಪಿನ್ ನೆನಪಾಗದೆ, ಬೆಂಗಳೂರಿನಲ್ಲಿರುವ ಮಗ ಕರೆ ಮಾಡಿ ಮಾಡಿ ಗಾಬರಿಯಾಗುವುದು ಬೇಡ. ಅಂಥವರಿಗೆ ಸಿಮ್ ಲಾಕ್ ಹಾಕದೆ, ಆ ನಂಬರಿಗೆ ಸೇರಿದ ಖಾತೆಯಲ್ಲಿ ಪಿಂಚಣಿ, ಗೃಹಲಕ್ಷ್ಮಿ ಹಣದಷ್ಟನ್ನೇ ಇಟ್ಟು, ಯುಪಿಐ ಬೇಕಿಲ್ಲದಿದ್ದರೆ ತೆಗೆಸಿ, ಉಳಿದ ಹಣವನ್ನು ಠೇವಣಿಯಲ್ಲಿಡುವುದು ಮೇಲು. ಎಲ್ಲರಿಗೂ ಒಂದೇ ಭದ್ರತೆ ಹೊಂದುವುದಿಲ್ಲ.

ಪರದೆಯ ಲಾಕ್ ಬೇಡ ಎನ್ನುವವರು ಹೇಳುವ ಕಾರಣಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. “ದಾರಿಯಲ್ಲಿ ಏನಾದ್ರೂ ಆದ್ರೆ ಮನೆಯವರಿಗೆ ಫೋನ್ ಮಾಡೋದು ಹೆಂಗೆ?” ಎನ್ನುತ್ತಾರೆ. ಅಪಘಾತವಾಗಿ ಬಿದ್ದವರ ಫೋನ್ ತೆಗೆಯಲಾಗದೆ ಒದ್ದಾಡಿದ ಜನ ಇದ್ದಾರೆ. ಅದಕ್ಕೆ ಪರಿಹಾರ ಫೋನಿನಲ್ಲೇ ಇದೆ. ‘ಎಮರ್ಜೆನ್ಸಿ ಇನ್ಫರ್ಮೇಶನ್’ ಎಂಬ ಜಾಗದಲ್ಲಿ ಮಗಳದೋ ತಮ್ಮನದೋ ನಂಬರು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ ಬರೆದಿಟ್ಟರೆ ಲಾಕ್ ತೆಗೆಯದೆಯೇ ಯಾರು ಬೇಕಾದರೂ ನೋಡಿ ಆ ನಂಬರಿಗೆ ಕರೆ ಮಾಡಬಹುದು. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಲಾಕ್ ಪರದೆಯ ಮೇಲೆಯೇ ಒಂದು ಸಾಲು ಬರೆಯಬಹುದು. ‘ಈ ಫೋನ್ ಸಿಕ್ಕರೆ ದಯವಿಟ್ಟು ಈ ನಂಬರಿಗೆ ತಿಳಿಸಿ’ ಎಂದು ಮನೆಯ ಇನ್ನೊಂದು ನಂಬರು ಹಾಕಿ. ಪ್ರಾಮಾಣಿಕರು ಇನ್ನೂ ಬಹಳ ಜನ ಇದ್ದಾರೆ. ಯಾರಿಗೆ ಕೊಡಬೇಕು ಎಂದು ತಿಳಿಯದೆ ಫೋನ್ ಇಟ್ಟುಕೊಂಡು ಕೂತ ಆಟೋ ಚಾಲಕರನ್ನು ನಾನು ಬಲ್ಲೆ.

ಲಾಕ್ ಹಾಕುವಾಗ ನಾಲ್ಕು ಅಂಕಿಗಿಂತ ಆರು ಅಂಕಿ ಒಳ್ಳೆಯದು. ಹುಟ್ಟಿದ ವರ್ಷ, ಗಾಡಿ ನಂಬರು ಬೇಡ. ಪ್ಯಾಟರ್ನ್ ಎಳೆದ ಗುರುತು ಎಣ್ಣೆಕೈಯಿಂದ ಪರದೆಯ ಮೇಲೇ ಉಳಿಯುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಬೆರಳಚ್ಚಿನಿಂದಲೇ ತೆಗೆಯಿರಿ. ಪಿನ್ ಒತ್ತುವುದನ್ನು ಬೆನ್ನ ಹಿಂದೆ ನಿಂತು ನೋಡಿಕೊಂಡು ಆಮೇಲೆ ಫೋನ್ ಕಸಿಯುವವರಿದ್ದಾರೆ. ಮೆಸೇಜಿನ ಒಳಗಿನ ಅಕ್ಷರ ಲಾಕ್ ಪರದೆಯ ಮೇಲೆ ಕಾಣದಂತೆ ಮಾಡುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಓಟಿಪಿ ಓದಲು ಫೋನ್ ತೆಗೆಯುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ವಿಷಯವನ್ನು ನಾನು ಬಹಳ ಕಳಕಳಿಯಿಂದ ಹೇಳಬೇಕಾಗಿದೆ. ಹೊಸ ಫೋನ್ ಕೊಂಡಾಗ ಜಿಮೇಲ್ ಐಡಿ ಯಾರು ಮಾಡಿಕೊಟ್ಟರು? ನಮ್ಮ ಊರುಗಳಲ್ಲಿ ಅಂಗಡಿಯ ಹುಡುಗ. ಗಿರಾಕಿಗಳು ಸಾಲುಗಟ್ಟಿರುತ್ತಾರೆ, ಅವನು ಬಾಯಿಗೆ ಬಂದ ಹೆಸರು, ಬಾಯಿಗೆ ಬಂದ ಪಾಸ್‌ವರ್ಡ್ ಹಾಕಿ ಫೋನ್ ಕೈಗೆ ಕೊಡುತ್ತಾನೆ. ಅವನದು ತಪ್ಪು ಎಂದು ನಾನು ಹೇಳುವುದಿಲ್ಲ, ಅವನು ಉಪಕಾರವನ್ನೇ ಮಾಡಿದ. ಆದರೆ ಆ ಐಡಿಯೇ ನಿಮ್ಮ ಫೋನಿನ ನಿಜವಾದ ಯಜಮಾನ. ಫೋನು ಎಲ್ಲಿದೆ ಎಂದು ದೂರದಿಂದ ನೋಡುವುದು, ದೂರದಿಂದಲೇ ಲಾಕ್ ಮಾಡುವುದು, ಎಲ್ಲವನ್ನೂ ಅಳಿಸುವುದು ಆ ಐಡಿ ಮತ್ತು ಪಾಸ್‌ವರ್ಡ್ ಇದ್ದವರಿಗೆ ಸಾಧ್ಯ. 2015ರ ಸುಮಾರಿನಿಂದ ಆಂಡ್ರಾಯ್ಡ್‌ನಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಕಳ್ಳ ಬಟನ್ ಒತ್ತಿ ಫೋನನ್ನು ರೀಸೆಟ್ ಮಾಡಿದರೂ ಮತ್ತೆ ಹಳೆಯ ಐಡಿಯನ್ನೋ ಹಳೆಯ ಲಾಕನ್ನೋ ಕೇಳುತ್ತದೆ. ಐಫೋನಿನಲ್ಲಿ 2013ರಲ್ಲೇ ಇಂಥದ್ದು ಬಂತು. ಅದು ಬಂದ ಮೇಲೆ ಲಂಡನ್, ನ್ಯೂಯಾರ್ಕ್‌ನಂಥ ಊರುಗಳಲ್ಲಿ ಐಫೋನ್ ಕಳ್ಳತನ ಚೆನ್ನಾಗಿ ಇಳಿಯಿತು. ತೆಗೆಯಲಾಗದ ಫೋನಿಗೆ ಬೆಲೆ ಸಿಗುವುದಿಲ್ಲ. ಅಂಗಡಿಯ ಹುಡುಗ ಮಾಡಿದ ಐಡಿ ನಿಮಗೆ ಗೊತ್ತಿಲ್ಲದಿದ್ದರೆ ಈ ವ್ಯವಸ್ಥೆ ಕಳ್ಳನ ಜೊತೆ ನಿಮ್ಮನ್ನೂ ಹೊರಗೆ ನಿಲ್ಲಿಸುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಭಾನುವಾರ ಕೂರಿಸಿಕೊಂಡು ಆ ಐಡಿ ಯಾವುದು ಎಂದು ನೋಡಿ, ಪಾಸ್‌ವರ್ಡ್ ಬದಲಿಸಿ, ಮನೆಯವರ ಇನ್ನೊಂದು ನಂಬರನ್ನು ಅದಕ್ಕೆ ಸೇರಿಸಿ.

ಅದೇ ಹೊತ್ತಿಗೆ ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ‘ಥೆಫ್ಟ್ ಪ್ರೊಟೆಕ್ಷನ್’ ಎಂಬುದನ್ನೂ ಹುಡುಕಲು ಹೇಳಿ. 2024ರ ಕೊನೆಯ ಹೊತ್ತಿಗೆ ಬಂದದ್ದು, ಆಂಡ್ರಾಯ್ಡ್ 10 ಮತ್ತು ಅದರ ನಂತರದ ಬಹುಪಾಲು ಫೋನುಗಳಲ್ಲಿ ಸಿಗುತ್ತದೆ. ಯಾರಾದರೂ ಕೈಯಿಂದ ಫೋನ್ ಕಸಿದು ಓಡಿದರೆ, ಬೈಕಿನಲ್ಲಿ ಹೋದರೆ, ಆ ಜಗ್ಗಾಟವನ್ನು ಗುರುತಿಸಿ ಪರದೆ ತಾನೇ ಲಾಕ್ ಆಗುತ್ತದೆ. ಅದರಲ್ಲೇ ‘ರಿಮೋಟ್ ಲಾಕ್’ ಎಂದಿದೆ. ಅದನ್ನು ಮೊದಲೇ ಆನ್ ಮಾಡಿಟ್ಟಿದ್ದರೆ ಪಾಸ್‌ವರ್ಡ್ ನೆನಪಿಲ್ಲದಿದ್ದರೂ ಬರೀ ನಿಮ್ಮ ಫೋನ್ ನಂಬರು ಕೊಟ್ಟು ಬೇರೆ ಫೋನಿನಿಂದ ಲಾಕ್ ಮಾಡಬಹುದು. ಐಫೋನ್ ಇರುವವರು ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಆನ್ ಮಾಡಿಕೊಳ್ಳಿ. ಅದಿದ್ದರೆ, ಕಳ್ಳನಿಗೆ ನಿಮ್ಮ ಪಾಸ್‌ಕೋಡ್ ಗೊತ್ತಿದ್ದರೂ ಮನೆ, ಕಚೇರಿಯಂಥ ಪರಿಚಿತ ಜಾಗದ ಹೊರಗೆ ನಿಮ್ಮ ಮುಖವೋ ಬೆರಳೋ ಇಲ್ಲದೆ ಖಾತೆಯ ಪಾಸ್‌ವರ್ಡ್ ಬದಲಿಸಲಾಗುವುದಿಲ್ಲ.

ಕದಿಯದೆಯೂ ಫೋನು ದುರುಪಯೋಗವಾಗುತ್ತದೆ. ನಮ್ಮಲ್ಲಿ ಫೋನು ಒಬ್ಬರ ಕೈಯಲ್ಲಿ ನಿಲ್ಲುವ ವಸ್ತುವಲ್ಲ. ಮಗು ಕಾರ್ಟೂನ್ ನೋಡುತ್ತದೆ, ಮೈದುನ ರೀಚಾರ್ಜ್ ಮಾಡುತ್ತಾನೆ, ರಿಪೇರಿಗೆ ಕೊಟ್ಟಾಗ ಪ್ಯಾಟರ್ನನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತೇವೆ. ಡಿಸ್‌ಪ್ಲೇ ಬದಲಿಸುವುದಕ್ಕೆ ನಿಮ್ಮ ಫೋಟೋಗಳು ತೆರೆದಿರಬೇಕಾಗಿಲ್ಲ. ಎದುರಿಗೇ ನಿಂತು ಮಾಡಿಸಿ, ಸಿಮ್ ತೆಗೆದುಕೊಂಡು ಕೊಡಿ. ಸ್ಯಾಮ್‌ಸಂಗ್‌ನಂಥ ಫೋನುಗಳಲ್ಲಿ ‘ಮೇಂಟೆನೆನ್ಸ್ ಮೋಡ್’ ಇದೆ, ಅದನ್ನು ಹಾಕಿ ಕೊಟ್ಟರೆ ರಿಪೇರಿಯವರಿಗೆ ಫೋಟೋ, ಮೆಸೇಜು ಕಾಣುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರು “ಒಂದು ಕಾಲ್ ಮಾಡ್ಕೊಳ್ಲಾ ಅಣ್ಣ” ಎಂದು ಕೇಳಿದರೆ ಇಲ್ಲ ಎನ್ನಲು ನಮಗೆ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಂಬರನ್ನು ನೀವೇ ಒತ್ತಿ, ಸ್ಪೀಕರ್ ಹಾಕಿ ಮಾತಾಡಿಸಿ. ನಕ್ಷತ್ರ ಚಿಹ್ನೆ, 21ರಂಥ ಸಂಖ್ಯೆ, ಮತ್ತೆ ನಕ್ಷತ್ರ, ಅದರ ಮುಂದೆ ಅವರ ನಂಬರು, ಹೀಗೆ ಒತ್ತಿಸಿದರೆ ನಿಮಗೆ ಬರುವ ಕರೆಗಳು ಅವರಿಗೆ ಹೋಗತೊಡಗುತ್ತವೆ. ಕರೆಯ ಮೂಲಕ ಬರುವ ಓಟಿಪಿ ಕೂಡ. ಅನುಮಾನ ಬಂದರೆ ##002# ಎಂದು ಒತ್ತಿ ಡಯಲ್ ಮಾಡಿ. ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಕಿಸಾನ್ ಹಣದ ಪಟ್ಟಿ ಎಂದು ಬರುವ ‘ಎಪಿಕೆ’ ಫೈಲುಗಳನ್ನು ಒತ್ತಲೇಬೇಡಿ. ಕಳಿಸಿದವರು ಸ್ವಂತ ಚಿಕ್ಕಪ್ಪನೇ ಆದರೂ ಬೇಡ. ಅವರ ಫೋನು ಆಗಲೇ ಇನ್ನೊಬ್ಬರ ಹಿಡಿತಕ್ಕೆ ಹೋಗಿರಬಹುದು.

ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದ ಒಂದು ದುರುಪಯೋಗವಿದೆ. ಅರ್ಧ ನಿಮಿಷ ಫೋನು ಕೈಗೆ ಸಿಕ್ಕರೆ ಸಾಕು, ವಾಟ್ಸಾಪನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿಕೊಂಡು ಅಲ್ಲಿಂದ ಎಲ್ಲ ಮಾತುಕತೆಯನ್ನೂ ಓದುತ್ತ ಕೂರಬಹುದು. ಹೊರಗಿನವರಷ್ಟೇ ಅಲ್ಲ, ಪರಿಚಿತರೂ ಹೀಗೆ ಮಾಡುತ್ತಾರೆ. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ನಿಮಗೆ ಗೊತ್ತಿಲ್ಲದ್ದು ಅಲ್ಲಿದ್ದರೆ ಲಾಗೌಟ್ ಮಾಡಿ. ‘ಟೂ ಸ್ಟೆಪ್ ವೆರಿಫಿಕೇಶನ್’ ಹಾಕಿ 6 ಅಂಕಿಯ ಪಿನ್ ಇಟ್ಟರೆ ಸಿಮ್ ಕದ್ದವರೂ ನಿಮ್ಮ ವಾಟ್ಸಾಪನ್ನು ಬೇರೆ ಫೋನಿನಲ್ಲಿ ತಕ್ಷಣ ತೆರೆಯಲಾರರು. ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ, ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ನಾಚಿಕೆಪಡಬೇಕಾದವರು ದೂರು ಕೊಡುವವರಲ್ಲ.

ಇಷ್ಟೆಲ್ಲ ಮಾಡಿದರೂ ಫೋನು ಹೋಯಿತು ಎನ್ನೋಣ. ಮೊದಲು ಯಾರದಾದರೂ ಫೋನಿನಿಂದ ನಿಮ್ಮ ನಂಬರಿಗೆ ಒಮ್ಮೆ ಕರೆ ಮಾಡಿ, ಸಿಕ್ಕವರು ಎತ್ತಲೂಬಹುದು. ಎತ್ತದಿದ್ದರೆ, ಸ್ವಿಚಾಫ್ ಆಗಿದ್ದರೆ, ಮನೆಗೆ ಹೋಗಿ ನೋಡೋಣ ಎಂದು ಕಾಯಬೇಡಿ. ನಿಂತ ಜಾಗದಿಂದಲೇ ಸಿಮ್ ಕಂಪನಿಗೆ ಫೋನ್ ಮಾಡಿ ಸಿಮ್ ಬ್ಲಾಕ್ ಮಾಡಿಸಿ. ಆಮೇಲೆ ಬ್ಯಾಂಕಿನ ಸಹಾಯವಾಣಿಗೆ ಹೇಳಿ ಕಾರ್ಡು, ಯುಪಿಐ, ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಬ್ಯಾಂಕಿನ ನಂಬರು ಕಾರ್ಡಿನ ಹಿಂದೆ ಇರುತ್ತದೆ, ಕಾರ್ಡೇ ಕಳೆದರೆ ಏನು ಮಾಡುತ್ತೀರಿ? ಮನೆಯ ಲೆಕ್ಕದ ಪುಸ್ತಕದ ಒಂದು ಹಾಳೆಯಲ್ಲಿ ಬ್ಯಾಂಕಿನ ಸಹಾಯವಾಣಿ, ಸಿಮ್ ಪಿನ್, ಜಿಮೇಲ್ ಪಾಸ್‌ವರ್ಡ್, ಫೋನಿನ ಐಎಂಇಐ ಸಂಖ್ಯೆ ಬರೆದಿಡಿ. ಯುಪಿಐ ಪಿನ್ ಮಾತ್ರ ಬರೆಯಬೇಡಿ. ಈ ಐಎಂಇಐ ಎನ್ನುವುದು ವಾಹನಕ್ಕೆ ಚಾಸಿ ನಂಬರ್ ಇದ್ದ ಹಾಗೆ, 15 ಅಂಕಿ, ಪ್ರತಿ ಸೆಟ್ಟಿಗೂ ಬೇರೆ. ಎರಡು ಸಿಮ್ಮಿನ ಫೋನಿಗೆ ಎರಡು ಇರುತ್ತವೆ. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ, ಡಬ್ಬದ ಮೇಲೂ ಅಚ್ಚಾಗಿರುತ್ತದೆ. ಡಬ್ಬವನ್ನೂ ಬಿಲ್ಲನ್ನೂ ಎಸೆಯಬೇಡಿ.

ದುಡ್ಡು ಹೋಗಿದೆ ಎಂದು ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಗಲು ರಾತ್ರಿ ಎನ್ನದೆ ತಕ್ಷಣ ಮಾಡಿ. ಹಣ ಹೋದ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆಹಿಡಿಯುವ ವ್ಯವಸ್ಥೆ ಬ್ಯಾಂಕುಗಳ ನಡುವೆ ಇದೆ. ಆ ಖಾತೆಯಿಂದ ಮುಂದಕ್ಕೆ ಹೋದ ಮೇಲೆ ಪ್ರತಿ ಗಂಟೆಗೂ ಅದು ಕಷ್ಟವಾಗುತ್ತ ಹೋಗುತ್ತದೆ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರಿಗೆ ದೊಡ್ಡ ಆಸರೆ. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ನಷ್ಟದ ಹೊರೆ ಇಲ್ಲ. 4ರಿಂದ 7 ಕೆಲಸದ ದಿನವಾದರೆ ಒಂದು ಮಿತಿಯೊಳಗಿನ ಹೊರೆ. ಪಿನ್ ಬೇರೆಯವರಿಗೆ ಹೇಳಿದಂಥ ನಿಮ್ಮದೇ ಅಜಾಗ್ರತೆ ಇದ್ದರೂ, ನೀವು ತಿಳಿಸಿದ ಕ್ಷಣದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ಅಜಾಗ್ರತೆ ಎಂದು ಸಾಬೀತು ಮಾಡಬೇಕಾದ್ದೂ ಬ್ಯಾಂಕಿನ ಕೆಲಸ. ಇಲ್ಲಿ ಒಂದು ಸೂಕ್ಷ್ಮವಿದೆ. ಹಣ ಹೋದ ಸೂಚನೆಯ ಎಸ್‌ಎಂಎಸ್ ಬರುವುದು ಕಳುವಾದ ಅದೇ ನಂಬರಿಗೆ. ಓದುವವನು ಕಳ್ಳ. ಅದಕ್ಕೇ ನಾನು ಹೇಳುವುದು, ಖಾತೆಗೆ ಮಗನದೋ ಮಗಳದೋ ಅಲ್ಲ, ನಿಮ್ಮದೇ ಇಮೇಲನ್ನೂ ಸೇರಿಸಿ, ಫೋನ್ ಹೋದ ದಿನವೇ ಶಾಖೆಗೆ ಬಂದು ಬರೆದುಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬ್ಯಾಂಕು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಖರ್ಚಿಲ್ಲ. ಬ್ಯಾಂಕಿನವಳಾಗಿಯೇ ಇದನ್ನು ಹೇಳುತ್ತಿದ್ದೇನೆ, ಅದು ನಿಮ್ಮ ಹಕ್ಕು.

ಪೊಲೀಸರ ಹತ್ತಿರ ಹೋಗುವಾಗ ಕಳೆದಿದ್ದರೆ ಕಳೆದಿದೆ ಎನ್ನಿ, ಕದ್ದಿದ್ದರೆ ಕದ್ದಿದ್ದಾರೆ ಎನ್ನಿ. ಎಲ್ಲೋ ಬಿದ್ದುಹೋದ ಫೋನಿಗೆ ಕರ್ನಾಟಕ ಪೊಲೀಸರ ಆ್ಯಪ್‌ನಲ್ಲಿ ‘ಇ-ಲಾಸ್ಟ್’ ವರದಿ ಮಾಡಬಹುದು, ಸ್ವೀಕೃತಿ ಪತ್ರ ಅಲ್ಲೇ ಸಿಗುತ್ತದೆ. ಕಳ್ಳತನಕ್ಕೆ ಅದು ಸಾಲದು, ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದು ಓಡುವುದನ್ನು ಪ್ರತ್ಯೇಕ ಅಪರಾಧವೆಂದೇ 304ನೇ ಕಲಮಿನಲ್ಲಿ ಸೇರಿಸಿದ್ದಾರೆ, 3 ವರ್ಷದವರೆಗೆ ಶಿಕ್ಷೆ ಇದೆ. ಘಟನೆ ನಡೆದದ್ದು ಬೇರೆ ಠಾಣೆಯ ಸರಹದ್ದಿನಲ್ಲಾದರೂ ನೀವು ಹೋದ ಠಾಣೆಯಲ್ಲಿ ಬರೆದುಕೊಳ್ಳಬೇಕು. ಮೈಸೂರು ದಸರೆಗೆ ಹೋಗಿ ಫೋನ್ ಕಳೆದುಕೊಂಡವರು ಊರಿಗೆ ಬಂದು ದೂರು ಕೊಡಬಹುದು.

ದೂರಿನ ಪ್ರತಿ ಸಿಕ್ಕ ಮೇಲೆ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ವಂಚಕರು ನಕಲಿ ಸಿಮ್ ತೆಗೆದುಕೊಂಡು ಓಟಿಪಿ ಪಡೆಯಬಾರದು ಎಂದೇ ಹೀಗೆ ಮಾಡಿರುವುದು. ಗಾಬರಿಯಾಗಬೇಡಿ. ಮಾರನೇ ದಿನ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣಕ್ಕೆ ಹೋಗಿ. 2023ರ ಮೇ ತಿಂಗಳಿಂದ ಇಡೀ ದೇಶಕ್ಕೆ ಇದು ಲಭ್ಯ, 2025ರ ಜನವರಿಯಿಂದ ಆ್ಯಪ್ ಕೂಡ ಇದೆ. ಐಎಂಇಐ, ದೂರಿನ ಪ್ರತಿ, ಗುರುತಿನ ಚೀಟಿ ಕೊಟ್ಟರೆ ಆ ಸೆಟ್ಟು ದೇಶದ ಯಾವ ಕಂಪನಿಯ ಸಿಮ್ಮಿನಲ್ಲೂ ಕೆಲಸ ಮಾಡದಂತೆ ತಡೆಯುತ್ತಾರೆ. ಯಾರಾದರೂ ಹೊಸ ಸಿಮ್ ಹಾಕಿ ಬಳಸಲು ಹೋದರೆ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಎಷ್ಟೋ ಜಿಲ್ಲೆಗಳಲ್ಲಿ ಎಸ್‌ಪಿ ಕಚೇರಿಯ ಮುಂದೆ ಮೇಜಿನ ಮೇಲೆ ಫೋನುಗಳನ್ನು ಸಾಲಾಗಿಟ್ಟು ವಾರಸುದಾರರಿಗೆ ಹಿಂದಿರುಗಿಸುವ ಚಿತ್ರವನ್ನು ನೀವು ಪತ್ರಿಕೆಯಲ್ಲಿ ನೋಡಿದ್ದೀರಿ. ಅವು ಸಿಕ್ಕಿರುವುದು ಬಹುಮಟ್ಟಿಗೆ ಈ ದಾರಿಯಲ್ಲೇ. ಇಲ್ಲಿ ದಾಖಲಿಸದವರ ಫೋನು ಆ ಮೇಜಿನ ಮೇಲೆ ಬರುವುದು ಅಪರೂಪ.

ಈ ನಡುವೆ ಹೊಸ ಸಿಮ್ಮಿಗೆ ‘ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ಎಂದು ನೋಡಲು ಇಲ್ಲಿ ಒತ್ತಿ’ ಎಂಬ ಮೆಸೇಜು ಬರಬಹುದು. ಲಾಕ್ ತೆಗೆಯಲಾಗದ ಕಳ್ಳನೇ ಕಳಿಸಿದ್ದು ಅದು. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಫೋನು ಪೂರ್ತಿ ಅವನದಾಗುತ್ತದೆ. ನಕ್ಷೆಯಲ್ಲಿ ಫೋನು ಇರುವ ಜಾಗ ಕಂಡಿತೆಂದು ಒಬ್ಬರೇ ಅಲ್ಲಿಗೆ ಹೋಗುವುದೂ ಬೇಡ. ಪೊಲೀಸರಿಗೆ ತೋರಿಸಿ.

ಹಳೆಯ ಫೋನ್ ಕೊಳ್ಳುವವರಿಗೂ ಒಂದು ಮಾತು. ದುಡ್ಡು ಕೊಡುವ ಮೊದಲು ಐಎಂಇಐ ನೋಡಿ, ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಒತ್ತಿ, ಜಾಗ ಬಿಟ್ಟು ಆ 15 ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆದ ಫೋನಾಗಿದ್ದರೆ ಉತ್ತರದಲ್ಲಿ ಗೊತ್ತಾಗುತ್ತದೆ. ಕದ್ದ ಫೋನೆಂದು ತಿಳಿದೂ ಕೊಂಡವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ 3 ವರ್ಷದವರೆಗೆ ಸಜೆ ಇದೆ. ಐಎಂಇಐ ತಿದ್ದಿದವರಿಗೆ 2023ರ ದೂರಸಂಪರ್ಕ ಕಾಯ್ದೆ 3 ವರ್ಷದವರೆಗೆ ಸಜೆ, 50 ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ಫೋನು ಮರಳಿ ಸಿಕ್ಕವರು ಕೆಲವರು ಸಂತೋಷದಿಂದ ಮನೆಗೆ ತಂದು ಸಿಮ್ ಹಾಕುತ್ತಾರೆ, ನೆಟ್‌ವರ್ಕ್ ಬರುವುದಿಲ್ಲ. ಕೆಟ್ಟಿದೆ ಎಂದು ರಿಪೇರಿಗೆ ಕೊಡುತ್ತಾರೆ. ಕೆಟ್ಟಿರುವುದಿಲ್ಲ. ನೀವೇ ಬ್ಲಾಕ್ ಮಾಡಿಸಿದ್ದನ್ನು ನೀವೇ ಬಿಡಿಸಬೇಕು. ಸಂಚಾರ್ ಸಾಥಿಯಲ್ಲಿ ಆಗ ಕೊಟ್ಟ ಕೋರಿಕೆ ಸಂಖ್ಯೆಯನ್ನು ಹಾಕಿ ‘ಅನ್‌ಬ್ಲಾಕ್’ ಕೇಳಿದರೆ ಆಯಿತು. ಆ ಸಂಖ್ಯೆಯನ್ನೂ ಲೆಕ್ಕದ ಪುಸ್ತಕದ ಅದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.